ಬಾಗಿಲ ಹೊರಗಿನ ದನಿ: ‘ಹಾಲ್ಕಾ’ ಒಪೆರಾ ರಂಗಕ್ಕೆ ಬಂದ ಬಗೆ

ಪರದೆ ಸರಿದಾಗ ಕಾಣುವುದು ದೊಡ್ಡ ಧಣಿಯೊಬ್ಬನ ಮನೆ. ಒಳಗೆ ನಿಶ್ಚಿತಾರ್ಥದ ಸಡಗರ. ಬಂದ ನೆಂಟರೆಲ್ಲ ಸೇರಿ ಪೊಲೊನೇಸ್ ಎಂಬ ಪೋಲಿಷ್ ಕುಣಿತದ ಲಯದಲ್ಲಿ ಗಂಡು ಹೆಣ್ಣಿಗೆ ಹಾರೈಸಿ ಹಾಡುತ್ತಾರೆ. ಹೆಣ್ಣಿನ ತಂದೆ ಸ್ಟೋಲ್ನಿಕ್ ಸಂತೃಪ್ತಿಯಿಂದ ಬೀಗುತ್ತಿದ್ದಾನೆ, ಮಗಳು ಜೋಫ್ಯಾ ನಾಚಿದ್ದಾಳೆ, ಮದುವೆಯ ಗಂಡು ಯಾನುಶ್ ಪಕ್ಕದಲ್ಲಿದ್ದಾನೆ. ಆ ಹೊತ್ತಿಗೆ ಹೊರಗಿನಿಂದ ಒಂದು ಹೆಣ್ಣಿನ ದನಿ ಕೇಳಿಬರುತ್ತದೆ. ‘ಗಾಳಿಗೆ ಮುರಿದುಬಿದ್ದ ಗಿಡದ ಹಾಗೆ’ ಎಂದು ಶುರುವಾಗುವ ಹಾಡು. ಹಾಡುವವಳು ರಂಗದ ಮೇಲಿಲ್ಲ. ಯಾರೋ ಅಳುತ್ತಿರುವ ಹಾಗಿದೆಯಲ್ಲ ಎಂದು ಜೋಫ್ಯಾಗೆ ಅನಿಸುತ್ತದೆ. ಯಾನುಶ್‌ಗೆ ಅನುಮಾನವಿಲ್ಲ, ಅದು ಯಾರ ದನಿ ಎಂದು ಅವನಿಗೆ ಗೊತ್ತು. ತನ್ನ ಬೆಟ್ಟದೂರಿನ ಒಕ್ಕಲು ಹುಡುಗಿ ಹಾಲ್ಕಾಳನ್ನು ಬಸುರಿ ಮಾಡಿ ಬಿಟ್ಟುಬಂದವನು ಅವನೇ.

ಸ್ಟಾನಿಸ್ಲಾವ್ ಮೊನ್ಯೂಶ್ಕೊ ಸಂಗೀತ ಕೊಟ್ಟ ‘ಹಾಲ್ಕಾ’ವನ್ನು ಪೋಲೆಂಡಿನವರು ತಮ್ಮ ರಾಷ್ಟ್ರೀಯ ಒಪೆರಾ ಎನ್ನುತ್ತಾರೆ. ಇದರ ಪ್ರದರ್ಶನಗಳ ಇತಿಹಾಸವನ್ನು ಒಂದು ಪ್ರಕರಣವಾಗಿ ಇಲ್ಲಿ ಬಿಡಿಸಿ ನೋಡಬೇಕೆಂದಿದ್ದೇನೆ. ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ ಇದು: ಧಣಿಗಳ ಕುಲವನ್ನೇ ಕಟಕಟೆಗೆ ತಂದು ನಿಲ್ಲಿಸುವ ಕಥೆಯನ್ನು ಆ ಧಣಿಗಳ ಮಕ್ಕಳೇ ಹೇಗೆ ಎದೆಗಪ್ಪಿಕೊಂಡರು? ನೋಡುವವರನ್ನು ಬಾಗಿಲ ಒಳಗೆ ಕೂರಿಸುವುದೋ, ಹೊರಗೆ ನಿಲ್ಲಿಸುವುದೋ ಎನ್ನುವುದರ ಮೇಲೆ ಈ ಒಪೆರಾದ ಹಣೆಬರಹ ಪ್ರತಿ ಸಲವೂ ನಿರ್ಧಾರವಾಗಿದೆ ಎಂದು ನನಗೆ ತೋರುತ್ತದೆ.

ಮೊದಲು ಕಾಲದ ವಿಚಾರ. 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ ಪೋಲೆಂಡನ್ನು ಪೂರ್ತಿಯಾಗಿ ಹಂಚಿಕೊಂಡಿದ್ದವು. 1918ರವರೆಗೆ ಭೂಪಟದಲ್ಲಿ ಆ ದೇಶವೇ ಇರಲಿಲ್ಲ. ದೇಶವನ್ನು ಮತ್ತೆ ಗಳಿಸಬೇಕೆಂದು ದಂಗೆ ಏಳುತ್ತಿದ್ದವರಲ್ಲಿ ಬಹುಮಂದಿ ಶ್ಲಾಖ್ತಾ, ಅಂದರೆ ಜಮೀನುಳ್ಳ ಕುಲೀನರು. ಅವರ ಹೊಲ ಉಳುತ್ತಿದ್ದ ರೈತರ ಪಾಡು ಬೇರೆ. ವಿಲ್ನೋ (ಇಂದಿನ ವಿಲ್ನಿಯಸ್) ಕಡೆಯ ಪ್ರಾಂತ್ಯಗಳಲ್ಲಿ ಅವರು ಜಮೀನಿನ ಜೊತೆಗೇ ಧಣಿಯ ಸ್ವತ್ತು. ವಾರ್ಸಾ ಸೀಮೆಯಲ್ಲಿ 1807ರಲ್ಲೇ ಕಾಗದದ ಮೇಲೆ ಸ್ವತಂತ್ರರಾಗಿದ್ದರೂ ಬಿಟ್ಟಿ ಚಾಕರಿ ತಪ್ಪಿರಲಿಲ್ಲ. 1846ರಲ್ಲಿ ಆಸ್ಟ್ರಿಯಾದ ಕೈಯಲ್ಲಿದ್ದ ಗಲೀಷಿಯಾದಲ್ಲಿ ಕುಲೀನರು ಸ್ವಾತಂತ್ರ್ಯಕ್ಕಾಗಿ ದಂಗೆಗೆ ಸಿದ್ಧರಾದಾಗ ರೈತರು ತಿರುಗಿಬಿದ್ದದ್ದು ಆ ಕುಲೀನರ ಮೇಲೆಯೇ. ಯಾಕುಬ್ ಶೇಲಾ ಎಂಬ ರೈತನ ಹೆಸರು ಆಗಲೇ ಮನೆಮಾತಾದದ್ದು. ಕೆಲವೇ ವಾರಗಳಲ್ಲಿ ಸುಮಾರು 1000 ಮಂದಿ ಧಣಿಗಳು, ಅವರ ಕಡೆಯವರು ಸತ್ತರು. ನೂರಾರು ಬಂಗಲೆಗಳು ಸುಟ್ಟು, ಸೂರೆಯಾದವು. ದೇಶ ಯಾರದು ಎಂಬ ಪ್ರಶ್ನೆ ರಕ್ತದಲ್ಲಿ ಬರೆದ ಹಾಗಾಯಿತು.

‘ಹಾಲ್ಕಾ’ದ ಕೆಲಸ ಶುರುವಾದದ್ದು ಅದೇ ಕಾಲದಲ್ಲಿ. ಪಠ್ಯ ಬರೆದವನು ವಾರ್ಸಾದ ಯುವಕವಿ ವ್ಲೋಜಿಮ್ಯೆಶ್ ವೋಲ್ಸ್ಕಿ, ಇಪ್ಪತ್ತರ ಹರೆಯದ ಬಿಸಿರಕ್ತದವನು. ಮೊನ್ಯೂಶ್ಕೊ ಅವನಿಗಿಂತ ಐದು ವರ್ಷ ದೊಡ್ಡವನು. ಹುಟ್ಟಿದ್ದು 1819ರಲ್ಲಿ ಇಂದಿನ ಬೆಲರೂಸ್‌ನ ಊಬ್ಯೆಲ್ ಎಂಬಲ್ಲಿ, ಜಮೀನುದಾರ ಮನೆತನದಲ್ಲಿ. ಬರ್ಲಿನ್ನಿನಲ್ಲಿ ಸಂಗೀತ ಕಲಿತು ಬಂದು, ವಿಲ್ನೋ ಊರಿನ ಸಂತ ಯೋಹಾನರ ಚರ್ಚಿನಲ್ಲಿ ಆರ್ಗನ್ ನುಡಿಸಿ, ಪಾಠ ಹೇಳಿ ಸಂಸಾರ ತೂಗಿಸುತ್ತಿದ್ದ. ಆ ಮನೆತನದ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನ ತಂದೆಯ ಸೋದರ ದೊಮಿನಿಕ್ ತನ್ನ ಪಾಲಿನ ಜಮೀನನ್ನು ಒಕ್ಕಲುಗಳಿಗೇ ಹಂಚಿದವರು, ಅವರ ಮಕ್ಕಳಿಗೆ ಶಾಲೆ ತೆರೆದವರು. ಧಣಿಯ ಮನೆಯಲ್ಲಿ ಹುಟ್ಟಿಯೂ ಧಣಿತನದ ಪಾಪವನ್ನು ಕಾಣಬಹುದು ಎನ್ನುವುದನ್ನು ಮೊನ್ಯೂಶ್ಕೊ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

‘ಹಾಲ್ಕಾ’ದ ಮೊದಲ ಪಾಠ, ಅಂದರೆ ಮೊದಲ ರೂಪ, ಎರಡೇ ಅಂಕಗಳದು. 1848ರ ಜನವರಿ 1ರಂದು ವಿಲ್ನೋದಲ್ಲಿ, ಮೊನ್ಯೂಶ್ಕೊನ ಹೆಂಡತಿಯ ತವರಾದ ಮ್ಯೂಲರ್ ಮನೆಯಲ್ಲಿ ಹವ್ಯಾಸಿಗಳು ಅದನ್ನು ಹಾಡಿದರು. ರಷ್ಯಾದ ಹಳೆಯ ಪಂಚಾಂಗದ ಲೆಕ್ಕದಲ್ಲಿ ಅದು 1847ರ ಡಿಸೆಂಬರ್ 20. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಬರೀ ಕಛೇರಿ. ಈ ಸಂಗತಿಯ ಹತ್ತಿರ ನಾನು ಮತ್ತೆ ಮತ್ತೆ ಬಂದು ನಿಲ್ಲುತ್ತೇನೆ. ಧಣಿಯ ಹಜಾರದಲ್ಲಿ ಶುರುವಾಗುವ ಕಥೆ, ಮೊದಲು ಕೇಳಿಸಿದ್ದೂ ಅನುಕೂಲವಂತರ ಮನೆಯೊಂದರ ಹಜಾರದಲ್ಲೇ. ‘ಹೊರಗೆ ಯಾರೋ ಅಳುತ್ತಿದ್ದಾರೆ’ ಎಂಬ ಭಾವ ಬಂದಾಗ ಆ ಕೋಣೆಗೂ ಒಂದು ಬಾಗಿಲಿತ್ತು, ಆ ಬಾಗಿಲ ಆಚೆಗೆ ಜೀತವೆಂಬುದು ಇನ್ನೂ ಕಾನೂನೇ ಆಗಿತ್ತು.

ಆಮೇಲೆ ಹತ್ತು ವರ್ಷ ವಾರ್ಸಾದ ದೊಡ್ಡ ರಂಗಮಂದಿರದಲ್ಲಿ ‘ಹಾಲ್ಕಾ’ಗೆ ಜಾಗ ಸಿಗಲಿಲ್ಲ. 1848ರಲ್ಲಿ ಯುರೋಪಿನುದ್ದಕ್ಕೂ ಕ್ರಾಂತಿಯ ಬೆಂಕಿ ಹತ್ತಿತ್ತು. ವಾರ್ಸಾವನ್ನು ಆಳುತ್ತಿದ್ದ ರಷ್ಯಾದ ಚಕ್ರವರ್ತಿ ಒಂದನೇ ನಿಕೊಲಾಸ್‌ನ ಆಡಳಿತ ಹಿಡಿತವನ್ನು ಮತ್ತಷ್ಟು ಬಿಗಿ ಮಾಡಿತು. ಧಣಿಗೂ ಒಕ್ಕಲಿಗೂ ನಡುವಿನ ಗಾಯವನ್ನು ಕೆದಕುವ ಕೃತಿಗೆ ಅದು ಕಾಲವಾಗಿರಲಿಲ್ಲ. ಊರಾಚೆಯ ಆರ್ಗನ್ ವಾದಕನೊಬ್ಬನ ಒಪೆರಾ ಎಂಬ ತಾತ್ಸಾರವೂ ಅದಕ್ಕೆ ಅಡ್ಡವಾಗಿದ್ದಿರಬಹುದು. ವಿಲ್ನೋದವರು ಮಾತ್ರ ಕಾಯಲಿಲ್ಲ. 1854ರಲ್ಲಿ ತಮ್ಮ ರಂಗಮಂದಿರದಲ್ಲೇ ಎರಡಂಕದ ಪಾಠವನ್ನು ವೇಷ ಕಟ್ಟಿ ಆಡಿಸಿದರು.

ಗಾಳಿ ತಿರುಗಿದ್ದು ನಿಕೊಲಾಸ್ 1855ರಲ್ಲಿ ತೀರಿಕೊಂಡ ಮೇಲೆ. ಕ್ರಿಮಿಯಾ ಯುದ್ಧದಲ್ಲಿ ಸೋತ ರಷ್ಯಾಕ್ಕೆ ಜೀತಪದ್ಧತಿ ಹೊರೆಯಾಗಿ ಕಾಣತೊಡಗಿತ್ತು. ಜೀತವನ್ನು ಕೆಳಗಿನವರೇ ಕಿತ್ತೊಗೆಯುವವರೆಗೆ ಕಾಯುವುದಕ್ಕಿಂತ ಮೇಲಿನಿಂದ ರದ್ದು ಮಾಡುವುದೇ ಲೇಸು ಎಂದು ಹೊಸ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ 1856ರಲ್ಲಿ ಮಾಸ್ಕೋದ ಕುಲೀನರಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿದ. 1857ರ ಕೊನೆಗೆ ಬಿಡುಗಡೆಯ ಏರ್ಪಾಟಿಗೆ ಸಮಿತಿಗಳನ್ನು ರಚಿಸುವ ಮೊದಲ ಆಜ್ಞಾಪತ್ರ ಹೊರಟಿತು. ಅದು ಹೊರಟದ್ದು ಯಾರ ಹೆಸರಿಗೆ? ವಿಲ್ನೋದ ಗವರ್ನರ್ ಜನರಲ್ ನಾಜಿಮೊವ್ ಹೆಸರಿಗೆ. ‘ಹಾಲ್ಕಾ’ ಹುಟ್ಟಿದ ಊರಿಗೇ ಆ ಕಾಗದ ಮೊದಲು ಬಂತು, ವಾರ್ಸಾದಲ್ಲಿ ಪರದೆ ಏಳುವುದಕ್ಕೆ ಸುಮಾರು ಒಂದು ತಿಂಗಳು ಮುಂಚೆ. ಆ ಕಾಗದದಿಂದಲೇ ಒಪೆರಾಗೆ ಬಾಗಿಲು ತೆರೆಯಿತು ಎಂದು ನಾನು ಹೇಳುವುದಿಲ್ಲ. ತಾಲೀಮು ಅಷ್ಟರಲ್ಲಿ ನಡೆದೇ ಇತ್ತು. ಆದರೆ ಆಡಬಾರದ ಮಾತು ಆಡಬಹುದಾದ ಮಾತಾಗಿದ್ದ ಹೊತ್ತು ಅದು.

ಈ ಪ್ರಕರಣದ ತಿರುಳಿರುವುದು ವಾರ್ಸಾಗಾಗಿ ಮೊನ್ಯೂಶ್ಕೊ ಮಾಡಿದ ಬದಲಾವಣೆಗಳಲ್ಲಿ. ಎರಡಂಕ ನಾಲ್ಕಂಕವಾಯಿತು. ಮೊದಲ ಅಂಕದ ಕೊನೆಗೆ ಮಜುರ್ಕಾ ಕುಣಿತ ಬಂತು. ಕಾಲು ತಾನಾಗಿ ತಾಳ ಹಾಕುವಂಥ ಆ ತುಣುಕನ್ನು ಪೋಲೆಂಡಿನಲ್ಲಿ ಈಗಲೂ ಒಪೆರಾದಿಂದ ಬೇರೆಯಾಗಿ ನುಡಿಸುತ್ತಾರೆ. ಮೂರನೆಯ ಅಂಕಕ್ಕೆ ಬೆಟ್ಟದವರ ಕುಣಿತಗಳು ಸೇರಿದವು. ಹಾಲ್ಕಾ ಪಾತ್ರ ಮಾಡಲಿದ್ದ ಪೌಲಿನಾ ರಿವೋಲಿಗೆ ಎರಡನೇ ಅಂಕದ ಆರಿಯಾ, ಅಂದರೆ ಒಬ್ಬಳೇ ಹಾಡುವ ದೊಡ್ಡ ಹಾಡು, ಸಿಕ್ಕಿತು: ಬೆಳಗಿನ ಬಿಸಿಲಲ್ಲಿ ಬಾನಾಡಿಯಾಗಿ ಹಾರಿ ಅವನ ಬಳಿಗೆ ಹೋಗುವಂತಿದ್ದರೆ ಎಂಬ ಹಂಬಲದ ಹಾಡು. ಹಾಲ್ಕಾಳನ್ನು ಒಳಗೊಳಗೇ ಪ್ರೀತಿಸುವ ಊರ ಹುಡುಗ ಯೋಂಟೆಕ್‌ನ ಪಾತ್ರ ವಿಲ್ನೋದಲ್ಲಿ ಬ್ಯಾರಿಟೋನ್ (ಗಂಡಸರ ನಡುಮಟ್ಟದ) ದನಿಗೆ ಬರೆದದ್ದು. ವಾರ್ಸಾದ ಹೆಸರಾಂತ ಗಾಯಕ ಯುಲಿಯನ್ ದೋಬ್ರ್ಸ್ಕಿಗಾಗಿ ಅದನ್ನು ಟೆನರ್ (ಗಂಡಸರ ಏರುಮಟ್ಟದ) ದನಿಗೆ ಏರಿಸಿದ; ನಾಲ್ಕನೇ ಅಂಕದ ಆರಂಭದಲ್ಲಿ, ಬೆಟ್ಟದ ತುದಿಯಲ್ಲಿ ಭೋರಿಡುವ ಫರ್ ಮರಗಳ ಹಾಡನ್ನು ಅವನಿಗಾಗಿ ಹೊಸದಾಗಿ ಬರೆದ. ಪೋಲಿಷ್ ಟೆನರ್ ಎನಿಸಿಕೊಂಡವರೆಲ್ಲ ಇಂದಿಗೂ ಆ ಹಾಡಿನಲ್ಲಿ ತಮ್ಮನ್ನು ಒರೆಗೆ ಹಚ್ಚಿಕೊಳ್ಳುತ್ತಾರೆ.

ಇದನ್ನು ರಾಜಿ ಎಂದು ಕರೆಯುವವರಿದ್ದಾರೆ. ಎರಡಂಕದ ಪಾಠ ಬಿಗಿಯಾಗಿದೆ, ಕಹಿಯಾಗಿದೆ, ಒಂದೇ ಉಸಿರಿಗೆ ದುರಂತಕ್ಕೆ ಓಡುತ್ತದೆ; ವಾರ್ಸಾಗೆಂದು ಕುಣಿತ ಸೇರಿಸಿ ಧಣಿಗಳ ಕಣ್ಣಿಗೆ ಹಬ್ಬ ಮಾಡಿದ ಎನ್ನುವುದು ಅವರ ವಾದ. ಕುಣಿತದ ಮಟ್ಟಿಗೆ ಅದನ್ನು ನಾನು ಒಪ್ಪುತ್ತೇನೆ. ಮಜುರ್ಕಾ ಬಂದಾಗ ಸಭಿಕರು ತಮ್ಮದೇ ಮನೆಯ ಮದುವೆಗೆ ಬಂದಂತೆ ಹಿಗ್ಗಿದ್ದರೆ ಅಚ್ಚರಿಯಿಲ್ಲ. ಆ ಬೆಟ್ಟದ ಕುಣಿತಗಳಲ್ಲಂತೂ ನಿಜವಾದ ತಾತ್ರಾ ಬೆಟ್ಟದ ಸಂಗೀತ ಕಡಿಮೆಯೇ. ಆದರೆ ಹಾಡುಗಳ ಮಟ್ಟಿಗೆ ಮಾತು ಬೇರೆ. ರಾಜಧಾನಿಗೆ ಹೋಗುವಾಗ ಮೊನ್ಯೂಶ್ಕೊ ಅತ್ಯಂತ ಚೆಲುವಾದ ಎರಡು ಹಾಡುಗಳನ್ನು ಕೊಟ್ಟದ್ದು ಯಾರಿಗೆ? ಯಾನುಶ್‌ಗಲ್ಲ, ಸ್ಟೋಲ್ನಿಕ್‌ಗಲ್ಲ, ಒಬ್ಬಳು ಒಕ್ಕಲು ಹುಡುಗಿಗೆ, ಒಬ್ಬ ಒಕ್ಕಲು ಹುಡುಗನಿಗೆ. ವಿಲ್ನೋದಲ್ಲಿ ಹಾಲ್ಕಾ ಪಾಪದವಳು. ವಾರ್ಸಾಗೆ ಬರುವ ಹೊತ್ತಿಗೆ ಅವಳಿಗೆ ಕನಸು, ಆಸೆ, ತನ್ನದೇ ಒಂದು ಬೆಳಗು ಇದೆ. ಎರಡನೇ ಅಂಕದಲ್ಲಿ ಅವಳ ಹಂಬಲದ ಹಾಡು ಮುಗಿದ ಮೇಲೆ ಯೋಂಟೆಕ್ ಬಂದು, ‘ಅವನನ್ನೂ ನಂಬ್ತೀಯಲ್ಲೇ, ಬಡಪಾಯಿ’ ಎನ್ನುವಾಗ ಕೇಳುವವರಿಗೆ ಕರುಳು ಕಿವುಚಿದಂತಾಗುತ್ತದೆ. ಏಕೆಂದರೆ ಆಗಷ್ಟೇ ಅವಳ ಜೊತೆ ನಾವೂ ಹಾರಿದ್ದೆವು. ಮುಂದಿನ ಗಳಿಗೆಯಲ್ಲಿ ಇಬ್ಬರೂ ಹೋಗಿ ಆ ಮನೆಯ ಬಾಗಿಲು ತಟ್ಟುತ್ತಾರೆ. ಆಳುಗಳು ಇಬ್ಬರನ್ನೂ ದಬ್ಬುತ್ತಾರೆ.

ವಾರ್ಸಾದ ದೊಡ್ಡ ರಂಗಮಂದಿರವಾದ ತೆಯಾತ್ರ್ ವ್ಯೆಲ್ಕಿಯಲ್ಲಿ ನಾಲ್ಕಂಕದ ‘ಹಾಲ್ಕಾ’ ಮೊದಲು ಕಂಡದ್ದು 1858ರ ಜನವರಿ 1ರಂದು. ವಿಲ್ನೋದ ಆ ಮನೆಯ ಕಛೇರಿಗೆ ಸರಿಯಾಗಿ ಹತ್ತು ವರ್ಷ. ಆರ್ಕೆಸ್ಟ್ರಾ ನಡೆಸಿದವನು ಇಟಲಿ ಮೂಲದ ಯಾನ್ ಕ್ವಾತ್ರೀನಿ. ಗೆಲುವು ದೊಡ್ಡದಾಗಿತ್ತು. ಅದೇ ವರ್ಷ ಮೊನ್ಯೂಶ್ಕೊ ಆ ರಂಗಮಂದಿರದ ಒಪೆರಾ ವಿಭಾಗದ ಮುಖ್ಯಸ್ಥನಾಗಿ ವಾರ್ಸಾಗೆ ಮನೆ ಬದಲಿಸಿದ. ಜರ್ಮನಿಯ ಸಂಗೀತಗಾರ ಹಾನ್ಸ್ ಫಾನ್ ಬ್ಯೂಲೋ ಅದೇ ವರ್ಷ ಲೈಪ್‌ಜಿಗ್‌ನ ಸಂಗೀತ ಪತ್ರಿಕೆಯಲ್ಲಿ ಕೃತಿಯನ್ನು ಮೆಚ್ಚಿ ಬರೆದ. ಮೂರು ವರ್ಷ ಕಳೆದು 1861ರಲ್ಲಿ ರಷ್ಯಾದಲ್ಲಿ ಜೀತ ರದ್ದಾಯಿತು. ವಾರ್ಸಾ ಸೀಮೆಯ ರೈತರಿಗೆ ಜಮೀನು ಸಿಕ್ಕಿದ್ದು 1864ರಲ್ಲಿ, ಕುಲೀನರ ಇನ್ನೊಂದು ದಂಗೆ ನೆಲಕಚ್ಚುತ್ತಿದ್ದ ಹೊತ್ತಿನಲ್ಲಿ. ಅಂದರೆ ‘ಹಾಲ್ಕಾ’ದ ವಾರ್ಸಾ ಪ್ರದರ್ಶನಗಳ ಮೊದಲ ಆರು ವರ್ಷ, ರಂಗದ ಮೇಲೆ ತೋರಿಸಿದ ಪದ್ಧತಿಯ ಬೇರು ಹೊರಗಿನ ಹೊಲಗಳಲ್ಲಿ ಇನ್ನೂ ಹಸಿಯಾಗಿತ್ತು. ವೇಷಭೂಷಣ ಹದಿನೆಂಟನೇ ಶತಮಾನದ್ದು, ನೋವು ಅಂದಿನದು.

ಪರದೇಶದ ಪ್ರದರ್ಶನಗಳನ್ನು ಬೇಗ ಹೇಳಿಬಿಡುತ್ತೇನೆ. 1868ರಲ್ಲಿ ಪ್ರಾಗ್‌ನಲ್ಲಿ ಆರ್ಕೆಸ್ಟ್ರಾದ ಮುಂದೆ ನಿಂತದ್ದು ಬೆದ್ರಿಖ್ ಸ್ಮೆತಾನಾ. ಚೆಕ್ಕರಿಗೆ ಅವರದೇ ರಾಷ್ಟ್ರೀಯ ಒಪೆರಾ ಕಟ್ಟಿಕೊಡುತ್ತಿದ್ದವನು. 1869ರಲ್ಲಿ ಮಾಸ್ಕೋ, 1870ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್. 1890ರಲ್ಲಿ ಊಫಾ ಎಂಬ ದೂರದ ರಷ್ಯನ್ ಊರಿನ ಕಂಪನಿಯೊಂದರಲ್ಲಿ ಸ್ಟೋಲ್ನಿಕ್ ಪಾತ್ರ ಮಾಡುವವನು ಕೈಕೊಟ್ಟಾಗ, ಕೋರಸ್‌ನಲ್ಲಿದ್ದ ಹದಿನೇಳರ ಹುಡುಗನೊಬ್ಬನಿಗೆ ಆ ವೇಷ ಬಂತು. ಮುಂದೆ ಜಗತ್ತೇ ತಲೆದೂಗಿದ ಗಾಯಕ ಫ್ಯೋದರ್ ಶಾಲ್ಯಾಪಿನ್ ಕೋರಸ್ ಬಿಟ್ಟು ಬಿಡಿ ಪಾತ್ರವೊಂದನ್ನು ಹಾಡಿದ್ದು ಅದೇ ಮೊದಲು. 1900ರಲ್ಲಿ ವಾರ್ಸಾ ‘ಹಾಲ್ಕಾ’ದ 500ನೇ ಪ್ರದರ್ಶನ ಕಂಡಿತು. ಆ ಗೌರವ ನೋಡಲು ಮೊನ್ಯೂಶ್ಕೊ ಇರಲಿಲ್ಲ. ಅವನು 1872ರಲ್ಲೇ ತೀರಿಕೊಂಡಿದ್ದ.

ಐನೂರು ಸಲ ಆಡಿದ್ದು ಹೆಮ್ಮೆಯ ಸಂಗತಿಯೇ. ನನಗೆ ಕಳವಳವೂ ಅಲ್ಲಿಂದಲೇ ಶುರು. ಇಷ್ಟು ಸಲ ಕೇಳಿದ ಅಳು ಕಿವಿಗೆ ಒಗ್ಗಿಹೋಗುತ್ತದೆ. ದೇಶವೇ ಇಲ್ಲದ ಜನಕ್ಕೆ ತಮ್ಮ ಭಾಷೆಯಲ್ಲಿ ಇಷ್ಟು ದೊಡ್ಡ ಒಪೆರಾ ಕೇಳುವುದೇ ಧೈರ್ಯ ತುಂಬುವ ಮಾತು. ಪೊಲೊನೇಸ್, ಮಜುರ್ಕಾ, ಕಸೂತಿಯ ಬೆಟ್ಟದ ಉಡುಪು, ಎಲ್ಲವೂ ‘ನಮ್ಮದು’ ಎನಿಸಿ ಕಣ್ಣು ತುಂಬಿಸುತ್ತಿದ್ದವು. ಹಾಗೆ ತುಂಬಿದ ಕಣ್ಣಿಗೆ ಯಾನುಶ್‌ನ ಅಪರಾಧ ಒಬ್ಬ ಚಂಚಲ ಹುಡುಗನ ತಪ್ಪಾಗಿ ಕಂಡದ್ದುಂಟು. ಎರಡನೇ ಮಹಾಯುದ್ಧದ ನಂತರ ಕಮ್ಯುನಿಸ್ಟ್ ಆಡಳಿತದಲ್ಲಿ ತಕ್ಕಡಿ ಇನ್ನೊಂದು ಬದಿಗೆ ವಾಲಿ, ವರ್ಗಸಂಘರ್ಷಕ್ಕೇ ಒತ್ತು ಬಿತ್ತು. ಅದೂ ನೋಡುವವರಿಗೆ ಹಿತವಾದ ಜಾಗವೇ: ಧಣಿಗಳ ಕಾಲ ಮುಗಿಯಿತು, ನಾವು ಈ ಪಾಪದಿಂದ ಪಾರಾದೆವು ಎಂಬ ನೆಮ್ಮದಿ.

ನಾಲ್ಕನೇ ಅಂಕದ ಒಂದು ಕ್ಷಣವನ್ನು ಹತ್ತಿರದಿಂದ ನೋಡೋಣ. ಪ್ರತಿ ನಿರ್ದೇಶಕನೂ ತನ್ನ ನಿಲುವನ್ನು ಬಿಟ್ಟುಕೊಡುವುದು ಇಲ್ಲಿ. ಬೆಟ್ಟದೂರಿನ ಪುಟ್ಟ ಚರ್ಚು. ಒಳಗೆ ಯಾನುಶ್, ಜೋಫ್ಯಾರ ಮದುವೆ ನಡೆಯುತ್ತಿದೆ. ಹೊರಗೆ ಹಾಲ್ಕಾ ಒಬ್ಬಳೇ. ಮಗು ಹಸಿವಿನಿಂದ ಸತ್ತಿದೆ. ಸತ್ತ ಕೂಸಿಗೆ ಜೋಗುಳ ಹಾಡಿದ ಹಾಗೆ, ‘ನನ್ನ ಪುಟ್ಟಾ’ ಎಂದು ಹಾಡುತ್ತಾಳೆ. ಹಾಡುತ್ತ ಹಾಡುತ್ತ ಸಿಟ್ಟು ನೆತ್ತಿಗೇರುತ್ತದೆ. ಹೊತ್ತಿಕೊಂಡ ಕೊಳ್ಳಿಯೊಂದನ್ನು ಎತ್ತಿ ಚರ್ಚಿಗೆ ಬೆಂಕಿಯಿಡಲು ಹೊರಡುತ್ತಾಳೆ. 1846ರ ಬೆಂಕಿಯನ್ನು ಬಲ್ಲ ಸಭಿಕರ ಎದೆ ಆಗ ಹೇಗೆ ಹೊಡೆದುಕೊಂಡಿರಬೇಕು! ಅಷ್ಟರಲ್ಲಿ ಒಳಗಿನಿಂದ ಪ್ರಾರ್ಥನೆ ಕೇಳುತ್ತದೆ. ಅಲ್ಲಿ ಇರುವವರು ಧಣಿಗಳು ಮಾತ್ರವಲ್ಲ, ತನ್ನ ಊರಿನವರೂ ಇದ್ದಾರೆ. ಕೊಳ್ಳಿಯನ್ನು ಎಸೆಯುತ್ತಾಳೆ. ಯಾನುಶ್‌ನನ್ನು ಕ್ಷಮಿಸಿ, ಬಂಡೆಯ ತುದಿಯಿಂದ ನದಿಗೆ ಹಾರುತ್ತಾಳೆ.

ಆ ಎಸೆದ ಕೊಳ್ಳಿಯೇ ‘ಹಾಲ್ಕಾ’ಗೆ ಸಿಕ್ಕ ರಹದಾರಿ ಎಂದು ಹೇಳಿದರೆ ಅದರಲ್ಲಿ ನಿಜವಿದೆ. ಬೆಂಕಿಯಿಟ್ಟಿದ್ದರೆ ಯಾವ ಸೆನ್ಸಾರೂ ಬಿಡುತ್ತಿರಲಿಲ್ಲ, ಯಾವ ಧಣಿಯೂ ಟಿಕೆಟ್ ಕೊಳ್ಳುತ್ತಿರಲಿಲ್ಲ. ಆದರೆ ಒಪೆರಾ ಅಲ್ಲಿಗೆ ಮುಗಿಯುವುದಿಲ್ಲವಲ್ಲ. ಮನೆಯ ಮೇಲ್ವಿಚಾರಕ ಜೆಂಬಾ ಊರಿನವರ ಕಡೆ ತಿರುಗಿ, ಹೊಸ ಜೋಡಿಗೆ ಸಂತೋಷದ ಹಾಡು ಹೇಳಿ ಎಂದು ಅಪ್ಪಣೆ ಕೊಡುತ್ತಾನೆ. ಅವರು ಹೇಳುತ್ತಾರೆ. ತಮ್ಮ ಮನೆಯ ಮಗಳು ನೀರಿಗೆ ಬಿದ್ದ ಗಳಿಗೆಯಲ್ಲಿ ಅವರು ಧಣಿಗೆ ಶುಭ ಹಾಡಬೇಕು. ಇದನ್ನು ಅವಸರದಲ್ಲಿ ಮುಗಿಸಿದರೆ ಬರೀ ಅಂತ್ಯದ ಗದ್ದಲ. ನಿಧಾನಿಸಿ, ಒಬ್ಬೊಬ್ಬರ ಮುಖ ಕಾಣುವ ಹಾಗೆ ಆಡಿಸಿದರೆ ಮೊದಲ ಅಂಕದ ಆ ಪೊಲೊನೇಸ್ ಹಾರೈಕೆ ನಮ್ಮ ಕಿವಿಯಲ್ಲೇ ಹುಳಿಯಾಗುತ್ತದೆ. ನನ್ನ ಮಟ್ಟಿಗೆ ‘ಹಾಲ್ಕಾ’ದ ಯಾವ ಪ್ರದರ್ಶನವನ್ನೂ ಅಳೆಯುವ ಕೋಲು ಈ ಕೊನೆಯ ಹಾಡು.

ಈಚಿನ ವರ್ಷಗಳಲ್ಲಿ ‘ಹಾಲ್ಕಾ’ವನ್ನು ಹಲವರು ಹೊಸದಾಗಿ ಕೈಗೆತ್ತಿಕೊಂಡಿದ್ದಾರೆ. 2018ರಲ್ಲಿ ಇಟಲಿಯ ಸಂಗೀತಗಾರ ಫಾಬಿಯೊ ಬ್ಯೋಂದಿ ವಾರ್ಸಾದಲ್ಲಿ ಹಳೆಯ ಕಾಲದ ವಾದ್ಯಗಳೊಂದಿಗೆ, ಮೊನ್ಯೂಶ್ಕೊ ಬದುಕಿದ್ದಾಗಲೇ ಸಿದ್ಧವಾಗಿದ್ದ ಇಟಾಲಿಯನ್ ಪಠ್ಯದಲ್ಲಿ ಅದನ್ನು ಕೇಳಿಸಿದರು. ಮೊನ್ಯೂಶ್ಕೊನ ಇನ್ನೂರನೇ ವರ್ಷವಾದ 2019ರ ಕೊನೆಗೆ ವಿಯೆನ್ನಾದಲ್ಲಿ ನಿರ್ದೇಶಕ ಮಾರ್ಯೂಶ್ ತ್ರೆಲಿನ್ಸ್ಕಿ ಕಥೆಯನ್ನು 1970ರ ದಶಕದ ಪೋಲೆಂಡಿನ ಹೋಟೆಲಿಗೆ ತಂದರು. ಹಾಲ್ಕಾ ಅಲ್ಲಿ ಕೆಲಸದವಳು. ಯೋಂಟೆಕ್ ಆಗಿ ಪ್ಯೋತ್ರ್ ಬೆಚಾವಾ, ಯಾನುಶ್ ಆಗಿ ತೊಮಾಶ್ ಕೊನ್ಯೆಚ್ನಿ, ಹಾಲ್ಕಾ ಆಗಿ ಅಮೆರಿಕದ ಕೊರಿನ್ ವಿಂಟರ್ಸ್ ಹಾಡಿದರು. 2020ರ ಆರಂಭದಲ್ಲಿ ಅದೇ ಪ್ರದರ್ಶನ ವಾರ್ಸಾಗೆ ಬಂತು. ಕಮ್ಯುನಿಸ್ಟರ ಕಾಲದಲ್ಲೂ ಧಣಿಗಳಿದ್ದರು, ಅವರ ಕೋಣೆ ಗುಡಿಸುವವರಿದ್ದರು ಎಂದು ಅದು ನೆನಪಿಸಿತು. ಹಳೆಯ ನೆಮ್ಮದಿಗೆ ಬಿದ್ದ ಸರಿಯಾದ ಪೆಟ್ಟು ಅದು.

ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ಇಳಿದದ್ದು ಅದಕ್ಕೂ ನಾಲ್ಕು ವರ್ಷ ಹಿಂದಿನ ಪ್ರದರ್ಶನ. ನೆಪೋಲಿಯನ್ 1802–03ರಲ್ಲಿ ಇಂದಿನ ಹೈಟಿಯ ಗುಲಾಮರ ದಂಗೆಯನ್ನು ಅಡಗಿಸಲು ಸುಮಾರು 5000 ಪೋಲಿಷ್ ಸೈನಿಕರನ್ನು ಕಳಿಸಿದ್ದ. ತಮ್ಮ ದೇಶದ ಬಿಡುಗಡೆಗೆ ನೆರವಾಗುತ್ತಾನೆಂದು ನಂಬಿ ಅವನ ಹಿಂದೆ ಹೋದವರು ಅವರು. ಬಹಳ ಜನ ರೋಗದಿಂದ, ಯುದ್ಧದಿಂದ ಸತ್ತರು. ಕೆಲವರು ದಂಗೆಯೆದ್ದವರ ಕಡೆಗೇ ಸೇರಿದರು. ಬಿಳಿಯರು ಹೈಟಿಯಲ್ಲಿ ಆಸ್ತಿ ಹೊಂದುವಂತಿಲ್ಲ ಎಂದ 1805ರ ಸಂವಿಧಾನ, ಅಲ್ಲಿ ಉಳಿದ ಪೋಲಿಷರಿಗೆ ಆ ನಿಷೇಧದಿಂದ ವಿನಾಯಿತಿ ಕೊಟ್ಟಿತು. ಕಜಾಲ್ ಎಂಬ ಹಳ್ಳಿಯವರು ಇಂದಿಗೂ ತಮ್ಮನ್ನು ಆ ಸೈನಿಕರ ವಂಶದವರೆಂದು ಹೇಳಿಕೊಳ್ಳುತ್ತಾರೆ.

2015ರ ಫೆಬ್ರುವರಿ 7ರಂದು ಕಲಾವಿದರಾದ ಸಿ.ಟಿ. ಜ್ಯಾಸ್ಪರ್ ಮತ್ತು ಯೊವಾನ್ನಾ ಮಲಿನೋವ್ಸ್ಕಾ ‘ಹಾಲ್ಕಾ’ವನ್ನು ಆ ಕಜಾಲ್‌ಗೆ ಕೊಂಡೊಯ್ದರು. ಪೊಜ್ನಾನ್ ಒಪೆರಾದ ಗಾಯಕರು, ಪೋರ್ಟ್ ಓ ಪ್ರಿನ್ಸ್‌ನ ಆರ್ಕೆಸ್ಟ್ರಾ, ಸ್ಥಳೀಯ ನರ್ತಕರು, ನಿರ್ದೇಶನ ಪಾವೆಲ್ ಪಸ್ಸೀನಿಯದು. ಒಂದೇ ಒಂದು ಸಲ ಆಡಿದ್ದು. ಅದರ ಚಿತ್ರೀಕರಣವನ್ನು ಆ ವರ್ಷ ವೆನಿಸ್ ಬಿಯೆನಾಲೆ ಎಂಬ ಕಲಾಮೇಳದ ಪೋಲಿಷ್ ಮಂಟಪದಲ್ಲಿ ಗೋಡೆ ತುಂಬ ಹರಡಿ ತೋರಿಸಿದರು.

ಅಲ್ಲಿ ಹಜಾರವಿಲ್ಲ, ಪರದೆಯಿಲ್ಲ. ಇರುವುದು ಹಳ್ಳಿಯ ರಸ್ತೆ. ಧಣಿಯ ನೆಂಟರು ಆ ರಸ್ತೆಯ ಮೇಲೆಯೇ ಹಾರೈಸಿ ಹಾಡುತ್ತಾರೆ. ಕಜಾಲ್‌ನವರು ತಮ್ಮ ಮನೆಗಳ ಮುಂದೆ ನೋಡುತ್ತಾರೆ. ಗುಲಾಮಗಿರಿಯನ್ನು ಹೊಡೆದಟ್ಟಿದ ಜನರ ಮಕ್ಕಳು ಅವರು, ಅದನ್ನು ಉಳಿಸಲು ಬಂದು ಕೊನೆಗೆ ಅಲ್ಲೇ ಬೇರುಬಿಟ್ಟ ಸೈನಿಕರ ಮಕ್ಕಳೂ ಹೌದು. ಮಧ್ಯೆ ಆ ಹೆಣ್ಣಿನ ದನಿ ಏಳುತ್ತದೆ, ‘ಗಾಳಿಗೆ ಮುರಿದುಬಿದ್ದ ಗಿಡದ ಹಾಗೆ’. ಹಾಡುವವಳನ್ನು ಹೊರಗಿಡಲು ಅಲ್ಲಿ ಬಾಗಿಲೇ ಇಲ್ಲ.